ಬಲೆ ಹಾಕದ ಗುಂಡಿ

ಬೆಟಗೇರಿ
೧೪ ಜುಲೈ ೨೦೨೫

ಬೀರಲಿಂಗಪ್ಪ ಕಾಕಾ ಅವರಿಗೆ,

ಬರೆಯದೆ ಬಿಡಬೇಕೆಂದಿದ್ದ ಮಾತನ್ನೇ ಮೊದಲು ಬರೆಯುತ್ತೇನೆ. ನಿಮ್ಮ ಎರಡೂ ಪತ್ರಗಳು ನನಗೆ ಮುಟ್ಟಿದ್ದವು. ಒಂದು ಮಾರ್ಚಿನಲ್ಲಿ, ಇನ್ನೊಂದು ಮೇ ತಿಂಗಳಲ್ಲಿ. "ಮನೆ ಬದಲಿಸಿದ್ದೆ, ಪತ್ರ ಈಗಷ್ಟೇ ಕೈಸೇರಿತು" ಎಂದು ಒಂದು ಹಾಳೆ ಬರೆದಿದ್ದೆ. ಅದನ್ನು ಹರಿದು ಇದನ್ನು ಬರೆಯುತ್ತಿದ್ದೇನೆ.

ಫೋನಿನಲ್ಲಾಗಿದ್ದರೆ ಎರಡು ನಿಮಿಷದ ಮಾತು. ಆದರೆ ನಿಮಗೆ ಕಿವಿ ಕೇಳಿಸುವುದಿಲ್ಲ. ನಾಲ್ಕು ತಿಂಗಳು ಅದನ್ನೇ ನೆಪ ಮಾಡಿಕೊಂಡಿದ್ದೆ. ನನ್ನದು ಇಂಗ್ಲಿಷ್ ಶಾಲೆಯ ಓದು, ಕನ್ನಡ ಬರೆಯುವುದು ನಿಧಾನ ಎಂಬುದು ಇನ್ನೊಂದು ನೆಪ.

ನಿಮ್ಮ ಹಿರೇಕೆರೆಯ ನಡುವಿನ ಗುಂಡಿಯನ್ನು ಹೋದ ವರ್ಷ ಹೂಳೆತ್ತುವವರು ಬರಿದು ಮಾಡಿ, ಕೆರೆಯ ತಳವನ್ನೆಲ್ಲ ಸಪಾಟು ಮಾಡಿದರೆಂದು ಬರೆದಿದ್ದೀರಿ. ಓದಿದಾಗ ಮೂರು ವರ್ಷದ ಹಿಂದಿನ ಮೇ ತಿಂಗಳು ನೆನಪಾಯಿತು. ಜಿಲ್ಲೆಯ ನಲವತ್ತೊಂದು ಕೆರೆಗಳ ಮೀನಿನ ಸಮೀಕ್ಷೆಗೆಂದು ಬಂದಿದ್ದೆ. ಕೆರೆಯೆಲ್ಲ ಒಣಗಿ ಬಿರುಕು ಬಿಟ್ಟಿತ್ತು. ನೀರು ಉಳಿದದ್ದು ಆ ಗುಂಡಿಯಲ್ಲಿ ಮಾತ್ರ. ಅಲ್ಲಿಗೆ ಒಂದು ಬಲೆ ಹಾಕಿ ಎಂದು ಕೇಳಿದಾಗ ನೀವು ಬಲೆಯ ಮೇಲೆ ಕೈಯಿಟ್ಟು ಹೇಳಿದ್ದು ಇಂದಿಗೂ ಕಿವಿಯಲ್ಲಿದೆ: "ಮಿರಗ ಮಳಿ ಕೂಡೂತನಕ ಈ ಗುಂಡಿಗೆ ಬಲಿ ಇಲ್ರಿ ಅಕ್ಕಾರ. ಇದು ಕೆರಿ ಬೀಜ. ಬಿತ್ತೂ ಬೀಜಾನ ಬೀಸಿ ಯಾರರ ರೊಟ್ಟಿ ಮಾಡತಾರನ್ರಿ?"

ನಾನು ಒತ್ತಾಯ ಮಾಡಲಿಲ್ಲ. ಒತ್ತಾಯ ಮಾಡಲಿಲ್ಲವೆಂದು ಒಳಗೊಳಗೆ ನನಗೆ ಹೆಮ್ಮೆಯೂ ಇತ್ತು.

ಅಂದು ನಿಮ್ಮ ಮನೆಯಲ್ಲಿ ಅಮೃತವ್ವ ನನಗಾಗಿ ಬೇರೆ ಗಡಿಗೆಯಲ್ಲಿ ಪುಂಡಿಪಲ್ಯ ಮಾಡಿದ್ದರು. "ಮೀನ ತಿನ್ನದವ್ರು ಎಣಿಸಿದ್ರ ಮೀನ ಹೆಚ್ಚಾಗತಾವೇನ್ರಿ?" ಎಂದು ನಕ್ಕಿದ್ದರು. ಬೆಟಗೇರಿಯ ಕಿರಾಣಿ ವ್ಯಾಪಾರಿಯ ಮಗಳು ನಾನು, ಇಂದಿಗೂ ಮೀನು ತಿಂದವಳಲ್ಲ. ಎಣಿಸಿದ್ದಷ್ಟೇ.

ನಿಮ್ಮ ಕೆರೆಯ ಬಗ್ಗೆ ನಾನು ಬರೆದ ವರದಿಯ ನಕಲು ಕೇಳಿದ್ದೀರಿ. ಆ ಸಂಸ್ಥೆ ಬಿಟ್ಟು ಎರಡು ವರ್ಷವಾಯಿತು. ಈಗ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಹುಡುಕಿ ನೋಡುತ್ತೇನೆ. ಗುಂಡಿ ಬರಿದು ಮಾಡಿದ ದಿನ ಏನಾಯಿತೆಂದು ವಿವರವಾಗಿ ಬರೆಯಿರಿ.

ನಿಮ್ಮ,
ಶೈಲಾ

*

ಕೆರಿ ದಂಡಿ, ಬಾಳೆಹೊಸೂರ ಹತ್ರ
೨೭ ಜುಲೈ ೨೦೨೫

ಶೈಲಾ ಅಕ್ಕಾರಿಗೆ ಬೀರಲಿಂಗಪ್ಪನ ನಮಸ್ಕಾರ.

ನಿಮ್ಮ ಪತ್ರ ಬಂತು. ಪೋಸ್ಟಿನಾಂವ ಕೈಯಾಗ ಕೊಟ್ಟ ಕೂಡ್ಲೆ, ನನ್ನ ಜೋಡಿ ಬಲಿ ಬೀಸೂ ಖಾಜಾಸಾಬ, "ಏ ಬೀರಣ್ಣ, ಈ ವಯಸ್ಸಿನ್ಯಾಗ ನಿನಗ ಪತ್ರ ಬರಿಯಾಕಿ ಯಾರಲೇ?" ಅಂತ ಎಲ್ಲಾರ ಮುಂದ ಒದರಿದನಂತ. ನನಗ ಕೇಳಸಲಿಲ್ಲ. ನಮ್ಮ ಅಮೃತವ್ವಗ ಕೇಳಿಸ್ತು. ಎರಡು ದಿನ ನನ್ನ ಚಾದಾಗ ಸಕ್ರಿ ಇಲ್ಲ.

ತಡಾ ಆದದ್ದಕ್ಕ ಮನಸಿಗೆ ಹಚ್ಗೋಬ್ಯಾಡ್ರಿ. ನಿಮಗ ನೂರಾಎಂಟು ಕೆಲಸ. ನಮ್ಮ ಮೀನುಗಾರರ ಸೊಸೈಟ್ಯಾಗ ಬರಿಯೂ ಕೆಲಸಾ ಮಾಡೂ ಹುಡುಗಿ ಸೌಂದರ್ಯಾ, "ಕಾಕಾ, ಮೊಬೈಲಿನ್ಯಾಗ ಬರೀರಿ, ಜಲ್ದಿ ಮುಟ್ಟತೈತಿ" ಅಂತಾಳ. ಬಲಿ ಹೆಣದ ಬೆರಳು ನನ್ನವು, ಒಂದು ಅಕ್ಷರ ಒತ್ತಿದ್ರ ನಾಕ ಬೀಳತಾವು.

ಗುಂಡಿ ಸಂಗತಿ ಕೇಳಿದ್ರಿ. ನಾಕು ಪಂಪ ಹಚ್ಚಿದ್ರು. ನಾ ಅಡ್ಡ ನಿಂತೆ. "ಮುದಕಪ್ಪಾ, ಇಲ್ಲಿ ಮೀನ ಇಲ್ಲಂತ ಕಾಗದ ಐತಿ, ಸರಿ ಆ ಕಡೆ" ಅಂದನಂತ ಅವರಾಂವ ಒಬ್ಬ. ಆಮ್ಯಾಲ ಖಾಜಾಸಾಬ ಕೈಸನ್ನಿ ಮಾಡಿ ತಿಳಿಸಿದ. ಸುಳ್ಳ ಅಂತ ನನಗ ಅವಾಗ ಗೊತ್ತಾತು, ಯಾಕಂದ್ರ ಕಾಗದ ಬರದವ್ರು ನೀವು. ನೀವು ಗುಂಡಿ ದಂಡಿಗೆ ಒಂದು ತಾಸು ಕುಂತು, ಕುಚ್ಚಮೀನ ಗಾಳಿ ನುಂಗಾಕ ಮ್ಯಾಲ ಬಂದದ್ದು ಮೂವತ್ತೇಳು ಸಲ ಅಂತ ಎಣಿಸಿದ್ದು ನಾ ನೋಡೇನಿ.

ಮೂರನೇ ದಿನ ನೀರ ಮುಗದು ಕೆಸರ ಉಳೀತು. ಕೆಸರ ಕುದಿಯೂ ಅಂಬಲಿ ಆಗಿತ್ತು ಅಕ್ಕಾರ. ಕುಚ್ಚ, ಚೇಳಮೀನ, ಬಾಳಿಮೀನ, ಎಲ್ಲಾ ಒಂದರ ಮ್ಯಾಲ ಒಂದು. ಊರ ಮಂದಿ ಬಕೀಟ ತಗೊಂಡ ಬಂದ್ರು. ನಾ ಬೈಯಲಿಲ್ಲ. ಹೆಂಗಿದ್ರೂ ಸಾಯೂವು. ಒಂಬತ್ತು ಕುಚ್ಚ ಹಿಡದು ಹಿತ್ತಲದ ಹೌದಿನ್ಯಾಗ ಬಿಟ್ಟೆ, ದನಾ ನೀರು ಕುಡಿಯೂ ಹೌದು. ಈಗ ಎರಡು ಅದಾವು.

ನಾವು ಮೀನುಗಾರಿಕಿ ಇಲಾಖೆಗೆ ಅರ್ಜಿ ಕೊಟ್ಟೀವಿ. ಗುಂಡಿ ಮತ್ತ ತೋಡಬೇಕು, ಮೂರು ವರ್ಷ ಅಲ್ಲಿ ಬಲಿ ಬಂದ ಮಾಡಬೇಕು. ಅವ್ರು ಒಪ್ಪಲಿಲ್ಲಂದ್ರ ಕೆರಿ ಪೂರಾ ಹೊರಗಿನ ಗುತ್ತಿಗೆದಾರಗ ಐದು ವರ್ಷ ಹೋಗತೈತಿ, ಜಿಲೇಬಿಮೀನ ಸಾಕಾಕ. ಸಾಹೇಬರು, "ಇಲ್ಲದ ಮೀನಿಗೆ ಗುಂಡಿ ಯಾಕ್ರಿ?" ಅಂತಾರ. ಅದಕ್ಕ ನಿಮ್ಮ ವರದಿ ಬೇಕು. ಆ ಮೂವತ್ತೇಳು ಅದರಾಗ ಇರತೈತಿ.

ನೀವು ಕಲಿಸಿದ ಪುಸ್ತಕ ಬರಿಯೂದು ಬಿಟ್ಟಿಲ್ಲ. ಬಲಿ ಹಾಕಿ ಏನೂ ಬರದಿದ್ರ ಸೊನ್ನಿ. ಬಲಿ ಹಾಕದ ದಿನ ಗೀಟು. ಎರಡೂ ಬ್ಯಾರೆ ಅಂತ ನೀವ ಹೇಳಿದ್ರಿ. ಒಂದು ದಿನಾನೂ ತಪ್ಪಿಲ್ಲ.

ನಿಮ್ಮ ವಿಶ್ವಾಸಿ,
ಬೀರಲಿಂಗಪ್ಪ

*

ಬೆಟಗೇರಿ
೨೧ ಆಗಸ್ಟ್ ೨೦೨೫

ಕಾಕಾ ಅವರಿಗೆ,

ಹೌದಿನ ಎರಡು ಮೀನುಗಳ ವಿಷಯ ಮೊದಲು. ನೀರು ಅಂಚಿನವರೆಗೆ ತುಂಬಬೇಡಿ, ಒಂದು ಗೇಣು ಖಾಲಿ ಬಿಡಿ. ಮೇಲೆ ಹಳೆಯ ಬಲೆ ಹೊದಿಸಿ, ಮಳೆಯ ಸದ್ದಿಗೆ ಅವು ಹಾರಿ ಹೊರಗೆ ಬೀಳುತ್ತವೆ. ಅರ್ಧ ಭಾಗಕ್ಕೆ ನೆರಳಿರಲಿ. ಗಂಡು ಯಾವುದು, ಹೆಣ್ಣು ಯಾವುದು ಎಂದು ಹೊರಗಿನಿಂದ ನೋಡಿ ಹೇಳುವುದು ಕಷ್ಟ. ಜೋಡಿಯೇ ಆಗಿದ್ದರೂ ಸಿಮೆಂಟಿನ ಹೌದಿನಲ್ಲಿ ಮರಿ ಮಾಡುವ ಸಂಭವ ಕಡಿಮೆ. ಅವಕ್ಕೆ ದಂಡೆಯ ಹುಲ್ಲು ಬೇಕು, ಆಳವಿಲ್ಲದ ಹೊಸ ನೀರು ಬೇಕು. ಕೆಂಪು ಮರಿಗಳ ಹಿಂಡಿನ ಕೆಳಗೆ ತಾಯಿತಂದೆ ಎರಡೂ ಕಾವಲು ತಿರುಗುವುದನ್ನು ನೀವೇ ನನಗೆ ತೋರಿಸಿದ್ದಿರಿ. ಮರಿಗಳ ಜೊತೆಗಿರುವ ಜೋಡಿಗೆ ನಿಮ್ಮಲ್ಲಿ ಯಾರೂ ಗಾಳ ಹಾಕುವುದಿಲ್ಲ ಎಂದಿದ್ದಿರಿ. ಅಂಥ ನಿಯಮ ನಾನು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ.

ವರದಿಗಾಗಿ ಸಂಸ್ಥೆಗೆ ಬರೆದಿದ್ದೇನೆ. ಉತ್ತರ ಬಂದಿಲ್ಲ.

ಈ ತಿಂಗಳ ಒಂಬತ್ತಕ್ಕೆ ಲಕ್ಷ್ಮೇಶ್ವರಕ್ಕೆ ಹೋಗಿದ್ದೆ, ಸಂಬಂಧಿಕರ ಮದುವೆ. ಅಲ್ಲಿಂದ ನಿಮ್ಮೂರ ಮಾರ್ಗವಾಗಿ ಬಸ್ಸು ಹಿಡಿದೆ. ಇಳಿಯಬೇಕೆಂದೇ ಆ ದಾರಿ ಹಿಡಿದದ್ದು. ಕಿಟಕಿಯಿಂದ ಕೆರೆ ಕಂಡಿತು, ದಂಡೆಯವರೆಗೂ ನೀರು. ಪಕ್ಕದಲ್ಲಿ ಕುಳಿತಿದ್ದ ಹೆಂಗಸು, "ಕೆರಿ ಎಷ್ಟ ಚಂದ ತುಂಬೈತಿ ನೋಡ್ರಿ" ಎಂದರು. ಹೌದು ಎಂದೆ. ನಿಲ್ದಾಣ ಬಂತು, ಬಸ್ಸು ನಿಂತಿತು, ಮತ್ತೆ ಹೊರಟಿತು.

ಗೀಟು ಮತ್ತು ಸೊನ್ನೆಯ ಬಗ್ಗೆ ನೀವು ಬರೆದ ಸಾಲನ್ನು ಹಲವು ಸಲ ಓದಿದೆ.

ಅಮೃತವ್ವನವರಿಗೆ ನಮಸ್ಕಾರ ತಿಳಿಸಿ. ನನಗೆ ನಲವತ್ನಾಲ್ಕು ವರ್ಷ ವಯಸ್ಸು, ಚಹಾಕ್ಕೆ ಸಕ್ಕರೆ ಹಾಕಲಿ.

ನಿಮ್ಮ,
ಶೈಲಾ

*

ಕೆರಿ ದಂಡಿ
೫ ಅಕ್ಟೋಬರ್ ೨೦೨೫

ಶೈಲಾ ಅಕ್ಕಾರಿಗೆ,

ನಿಮ್ಮ ವಯಸ್ಸು ಅಮೃತವ್ವಗ ಓದಿ ಹೇಳಿದೆ. "ನಲವತ್ನಾಕು ಅಂದ್ರ ಏನ ಮುದಕೇನ?" ಅಂದ್ಲು. ಸಕ್ರಿ ಮತ್ತ ಬಂದ ಆತು.

ಹೌದಿನ ಮೀನ ಒಂದು ಹೋತು. ಮೈ ಮ್ಯಾಲ ಹತ್ತಿ ಅಳ್ಳಿಯಂಗ ಬಿಳುಪ ಎದ್ದು, ಎಂಟು ದಿನ ತಿನ್ನಲಿಲ್ಲ. ಉಳದದ್ದು ಒಂದ. ಅದಕ್ಕ ಜೋಡಿ ಹುಡಕಾಕ ನಾ ಮತ್ತ ಖಾಜಾಸಾಬ ಸಿಂಗಟಾಲೂರಿಗೆ ಹೋದ್ವಿ. ಅಲ್ಲಿ ಹೊಳ್ಯಾಗ ನಮ್ಮ ಬೀಗರು ಬಲಿ ಬಿಡತಾರ. ನಾಕು ದಿನ ಅವರ ಮನ್ಯಾಗ ಉಂಡ್ವಿ, ಕಡೀ ದಿನ ಒಂದು ಕುಚ್ಚ ಸಿಕ್ತು, ಮೊಳಕೈ ಉದ್ದ. ಹಾಲಿನ ಕ್ಯಾನಿನ್ಯಾಗ ಹಾಕ್ಕೊಂಡು ಬಸ್ ಹತ್ತಿದ್ವಿ.

ಕಂಡಕ್ಟರ್, "ಏನ್ರಿ ಅದು, ಗುಳುಗುಳು ಅಂತೈತಿ?" ಅಂದ. ಖಾಜಾಸಾಬ, "ಹುಡುಗಿ ನೋಡಿ ಕರಕೊಂಡ ಹೊಂಟೀವ್ರಿ, ನಾಚಿಕಿ ಭಾಳ, ಒಳಗ ಕುಂತಾಳ" ಅಂದ. ಬಸ್ಸೆಲ್ಲಾ ನಕ್ತು. ಅಂವ ತುಟಿ ಅಗಲ ಮಾಡಿ ಮಾತಾಡತಾನ, ಅದಕ್ಕ ನನಗೂ ತಿಳೀತು, ನಾನೂ ನಕ್ಕೆ. ಆಮ್ಯಾಲ ನನಗ ಜೊಂಪು ಹತ್ತಿತು. ರಸ್ತೆ ಕೆಟ್ಟದ್ದು, ನೀರ ಚೆಲ್ಲಿ ಯಾರದೋ ಸೀರಿ ತೊಯ್ತಂತ. ಕಂಡಕ್ಟರ್ ಮುಚ್ಚಳಾ ಹಾಕಸ್ಯಾನ. ಮೀನಿಗೆ ನೀರ ಕಡಿಮಿ ಬೀಳಬಾರದಂತ ಖಾಜಾಸಾಬ ತನ್ನ ಕುಡಿಯೂ ನೀರೂ ಸುರುವಿ, ಕ್ಯಾನ ತುಂಬಿಸಿ ಬಿಗಿ ಮಾಡ್ಯಾನ.

ಮುಂಡರಗಿ ಬಸ್ ಸ್ಟ್ಯಾಂಡಿನ್ಯಾಗ ಎಚ್ಚರಾಗಿ ಮುಚ್ಚಳಾ ತಗದೆ. ಗಾಳಿ ನುಂಗಾಕ ಒಂದು ಬಟ್ಟ ಜಾಗಾ ಇರಲಿಲ್ಲ. ನೀರಾಗಿನ ಮೀನ ನೀರಾಗ ಮುಳುಗಿ ಸತ್ತಿತ್ತು. ನಲವತ್ತು ವರ್ಷ ಬಲಿ ಬೀಸಿದಾಂವ ಅಂವ. ಪ್ರೀತಿಲೆ ಮಾಡಿದ ತಪ್ಪು, ಬೈಯಾಕ ಬಾಯಿ ಬರಲಿಲ್ಲ. ಆವತ್ತಿನಿಂದ ಅಂವ ನಮ್ಮ ಹಿತ್ತಲಕ ಕಾಲಿಟ್ಟಿಲ್ಲ.

ಪುಸ್ತಕದ ಲೆಕ್ಕ: ಸೆಪ್ಟೆಂಬರದಾಗ ಇಪ್ಪತ್ತೆರಡು ದಿನ ಬಲಿ. ಜಿಲೇಬಿ ಎಣಿಸಲಾರದಷ್ಟು, ತೂಕಾ ಹಾಕೇವಿ. ಬಿಟ್ಟ ಕಟ್ಲಾಮರಿ ಬೆಳದವು ಹದಿನಾಲ್ಕು. ಕುಚ್ಚ ಸೊನ್ನಿ. ಚೇಳಮೀನ ಸೊನ್ನಿ. ಬಾಳಿಮೀನ ಸೊನ್ನಿ. ಎಂಟು ದಿನ ಗೀಟು.

ವರದಿ ಸಿಕ್ಕತೇನ್ರಿ?

ಬೀರಲಿಂಗಪ್ಪ

*

ಬೆಟಗೇರಿ
೧೧ ನವೆಂಬರ್ ೨೦೨೫

ಕಾಕಾ ಅವರಿಗೆ,

ಖಾಜಾಸಾಬರಿಗೆ ಹಿತ್ತಲಿಗೆ ಬರಲು ಹೇಳಿ. ತಪ್ಪು ಮಾಡಿದವರು ದೂರ ನಿಂತರೆ ಯಾರಿಗೂ ಒಳ್ಳೆಯದಾಗುವುದಿಲ್ಲ.

ಜಿಲೇಬಿ ಎಣಿಸಲಾರದಷ್ಟು ಸಿಕ್ಕಿತೆಂದು ಬರೆದಿದ್ದೀರಿ. ಅದು ಹೀಗೆ ಹೆಚ್ಚಲು ಕಾರಣವಿದೆ. ಅದು ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು ಕಾಯುತ್ತದೆ. ಹುಲ್ಲು, ದಂಡೆ, ಹೊಸ ನೀರು ಯಾವುದೂ ಅದಕ್ಕೆ ಬೇಡ. ವರ್ಷಕ್ಕೆ ಹಲವು ಸಲ ಮರಿ ಮಾಡುತ್ತದೆ. ಅದನ್ನು ತಿಂದು ಹತೋಟಿಯಲ್ಲಿಡುವ ಮೀನೆಂದರೆ ನಿಮ್ಮ ಕುಚ್ಚು ಮತ್ತು ಬಾಳೆಮೀನು. ಅವು ಬೇಸಿಗೆ ಕಳೆಯುತ್ತಿದ್ದ ಜಾಗ ಆ ಗುಂಡಿ.

ನೀವು ಕೇಳಿದ್ದು ಒಂದು, ನಾನು ಬರೆಯುತ್ತಿರುವುದು ಇನ್ನೊಂದು. ಅದು ನನಗೆ ಗೊತ್ತಾಗುತ್ತಿದೆ. ವರದಿ ಇನ್ನೂ ಸಿಕ್ಕಿಲ್ಲ.

ಶೈಲಾ

*

ಕೆರಿ ದಂಡಿ
೮ ಫೆಬ್ರುವರಿ ೨೦೨೬

ಶೈಲಾ ಅಕ್ಕಾರಿಗೆ ನಮಸ್ಕಾರ.

ಡಿಸೆಂಬರದಾಗ ಒಂದು, ಸಂಕ್ರಾಂತಿಗೆ ಒಂದು ಪತ್ರ ಹಾಕಿದ್ದೆ. ನಿಮ್ಮ ಉತ್ತರ ಬರಲಿಲ್ಲ. ಆರಾಮ ಅದೀರಿಲ್ರಿ? ಅಮೃತವ್ವ ದಿನಾ ಕೇಳತಾಳ, ಈಗ ಸಿಟ್ಟಿಲ್ಲ.

ವರದಿ ಹುಡುಕೂ ತ್ರಾಸ ಇನ್ನ ನಿಮಗ ಬ್ಯಾಡ. ಸೌಂದರ್ಯಾ ಮಾಹಿತಿ ಹಕ್ಕಿನ್ಯಾಗ ಅರ್ಜಿ ಹಾಕಿದ್ಲು. ಮೊನ್ನೆ ರಿಜಿಸ್ಟರ್ ಪೋಸ್ಟಿಗೆ ದಪ್ಪ ಲಕೋಟಿ ಬಂತು. ಒಡದು ನೋಡೂಣು ಅಂತ ಅಕಿ ಕುಣಿದ್ಲು. ನಾ ಬ್ಯಾಡಂದೆ. ನಿಮಗ ಗೊತ್ತಲ್ರಿ, ನಮ್ಮ ಕೆರಿ ಹರಾಜಿನ ಚೀಟಿ ಅಪ್ಪನ ಕಾಲದಿಂದ ದಂಡಿ ಮ್ಯಾಲ ಎಲ್ಲಾರ ಮುಂದ ಒಡಿಯೂದು. ಒಬ್ಬಾಂವ ಮನ್ಯಾಗ ಒಡದು ತಂದ್ರ ಅದು ಚೀಟಿನ ಅಲ್ಲ. ಒಡದ ಲಕೋಟಿ ಒಯ್ದ್ರ ಸಾಹೇಬರು, ನಾವ ತಿದ್ದೀವಿ ಅಂದಾರು. ಹಂಗ ಟ್ರಂಕಿನ್ಯಾಗ ಇಟ್ಟೇನಿ.

ಇದ ತಿಂಗಳ ಇಪ್ಪತ್ಮೂರಕ್ಕ, ಸೋಮವಾರ ಹನ್ನೊಂದಕ್ಕ, ದಂಡಿ ಮ್ಯಾಲ ಸಭಾ ಐತಿ. ಸಾಹೇಬರು ಬರತಾರ, ಗುತ್ತಿಗೆದಾರನೂ ಬರತಾನ, ಊರೆಲ್ಲಾ ಕೂಡತೈತಿ. ಅವ್ರ ಮುಂದ ಒಡಸತೀನಿ. ಸೌಂದರ್ಯಾ ಓದತಾಳ. ನನಗ ಕೇಳಂಗಿಲ್ಲ, ಅಕಿ ಬಾಯಿ ನೋಡಕೋತ ನಿಂದರತೀನಿ. ಮೂವತ್ತೇಳು ಅನ್ನೂದು ತುಟಿ ಮ್ಯಾಲ ಹೆಂಗ ಕಾಣತೈತಿ ಅಂತ ಅಮೃತವ್ವನ ಕಡೆ ಹತ್ತು ಸಲ ಹೇಳಿಸಿ ನೋಡೇನಿ. "ನಿನಗ ಹುಚ್ಚ ಹಿಡದೈತಿ" ಅಂತ ಬೈದ್ಲು. ಬೈಗಳಾ ತುಟಿ ಮ್ಯಾಲ ಸಲೀಸಾಗಿ ತಿಳೀತೈತಿ.

ಖಾಜಾಸಾಬ ಬಂದ. ನೀವು ಬರದದ್ದು ಓದಿ ಹೇಳಿದೆ. ಅಂವನೂ ಸಭಾದಾಗ ನಿಂದರತಾನ. ಹೌದಿನ ಮೀನ ಛಲೋ ಐತಿ. ಗುಂಡಿ ತೋಡಿದ ದಿನ ಅದನ್ನ ಮೊದಲು ಬಿಡೂದು ಅಂತ ಮಾಡೇನಿ.

ನಿಮಗ ಬರಾಕಾದ್ರ ಬರ್ರಿ. ಆಗದಿದ್ರೂ ಚಿಂತಿಲ್ಲ. ನಿಮ್ಮ ಕೈಬರಹ ಬರತೈತಿ, ಅದ ನೀವ ಬಂದಂಗ.

ನಿಮ್ಮ ವಿಶ್ವಾಸಿ,
ಬೀರಲಿಂಗಪ್ಪ

*

ಬೆಟಗೇರಿ
೧೯ ಫೆಬ್ರುವರಿ ೨೦೨೬, ಗುರುವಾರ

ಬೀರಲಿಂಗಪ್ಪ ಕಾಕಾ ಅವರಿಗೆ,

ನಿಮ್ಮ ಟ್ರಂಕಿನಲ್ಲಿರುವ ಲಕೋಟೆಯಲ್ಲಿ ಮೂವತ್ತೇಳು ಇಲ್ಲ. ಸೊನ್ನೆ ಇದೆ. ಬರೆದವಳು ನಾನು.

ಸಮೀಕ್ಷೆಯ ನಮೂನೆ ಒಂದು ಟ್ಯಾಬಿನಲ್ಲಿತ್ತು. ಗುಂಡಿಯಲ್ಲಿ ಸಿಕ್ಕ ಮೀನುಗಳ ಸಂಖ್ಯೆ ಎಂದು ಒಂದು ಖಾನೆ. ಬಲೆ ಹಾಕಿರಲಿಲ್ಲ, ಆದ್ದರಿಂದ ಖಾಲಿ ಬಿಟ್ಟೆ. ಖಾಲಿ ಬಿಟ್ಟರೆ ಮುಂದಿನ ಪುಟ ತೆರೆಯುತ್ತಿರಲಿಲ್ಲ, ಖಾನೆಯ ಸುತ್ತ ಕೆಂಪು ಗೆರೆ ಬರುತ್ತಿತ್ತು. ಗೀಟು ಹಾಕಿದೆ, ತೆಗೆದುಕೊಳ್ಳಲಿಲ್ಲ. ಅಂಕಿಯೇ ಬೇಕಿತ್ತು. ಬಿಸಿಲು ಬಹಳವಿತ್ತು, ಅಂದೇ ಇನ್ನೊಂದು ಕೆರೆಗೆ ಹೋಗಬೇಕಿತ್ತು. ಸೊನ್ನೆ ಒತ್ತಿದೆ. ಮನೆಗೆ ಹೋದ ಮೇಲೆ, ಕೆರೆಯವರ ಪದ್ಧತಿಯಂತೆ ಇಲ್ಲಿ ಬಲೆ ಹಾಕಲಿಲ್ಲ ಎಂದು ಟಿಪ್ಪಣಿ ಬರೆದು ಸೇರಿಸುತ್ತೇನೆಂದುಕೊಂಡೆ. ಸೇರಿಸಲಿಲ್ಲ. ಮರೆತೆ ಎಂದರೆ ಅರ್ಧ ನಿಜ. ಒಮ್ಮೆ ನೆನಪಾಗಿತ್ತು. ವರದಿ ಆಗಲೇ ಅಚ್ಚಿಗೆ ಹೋಗಿತ್ತು. ತೆಗೆಸುವುದು ಮುಜುಗರವೆನಿಸಿತು.

ನಿಮಗೆ ಗೀಟು ಮತ್ತು ಸೊನ್ನೆಯ ವ್ಯತ್ಯಾಸ ಹೇಳಿಕೊಟ್ಟದ್ದು ಅದೇ ದಿನ ಬೆಳಿಗ್ಗೆ.

ವರದಿಯ ಸಾಲು ಹೀಗಿದೆ: ನಡುವಿನ ಗುಂಡಿಯಲ್ಲಿ ಮೀನು ಇಲ್ಲ, ಹೂಳೆತ್ತಲು ಅಡ್ಡಿಯಿಲ್ಲ. ಕೆಳಗೆ ನನ್ನ ಸಹಿ. ಪಂಪಿನವನು ನಿಮಗೆ ಹೇಳಿದ್ದು ಸುಳ್ಳಲ್ಲ. ಅವನು ಓದಿದ್ದು ಈ ಕಾಗದವನ್ನೇ. ನಾನು ಸಂಸ್ಥೆಗೆ ಬರೆದೆ, ಉತ್ತರ ಬಂದಿಲ್ಲ ಎಂದದ್ದು ಸುಳ್ಳು. ವರದಿ ಮೊದಲಿನಿಂದಲೂ ನನ್ನ ಮನೆಯ ಕಪಾಟಿನಲ್ಲಿದೆ.

ನಿಮ್ಮ ಮೊದಲ ಪತ್ರ ಬಂದ ಮೇಲೆ ನಲವತ್ತೊಂದು ಕೆರೆಗಳ ಪುಟಗಳನ್ನೂ ತೆಗೆದು ನೋಡಿದೆ. ಬಲೆ ಹಾಕದೆ ನಾನು ಬರೆದ ಸೊನ್ನೆಗಳು ಹನ್ನೊಂದು. ಎಂಟು ಗುಂಡಿಗಳು ಹೋಗಿವೆ. ಉಳಿದ ಮೂರನ್ನು ಬಿಡಿ ಎಂದು ಹೂಳೆತ್ತಿಸುವ ಅಧಿಕಾರಿಗಳನ್ನು ಕೇಳಿದೆ. "ದಾಖಲೆಯಲ್ಲಿ ನಿಮ್ಮ ಸಹಿಯೇ ಇದೆಯಲ್ಲ ಮೇಡಂ" ಎಂದರು. ಈ ಬೇಸಿಗೆಗೆ ಅವುಗಳ ಸರದಿ.

ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಸೋಮವಾರ ನೀವು ಗೆದ್ದು, ಗುಂಡಿ ಮತ್ತೆ ತೋಡಿದರೂ ಕೆರೆ ಮೊದಲಿನಂತಾಗುವುದಿಲ್ಲ. ಸುತ್ತಲಿನ ಹಳ್ಳಗಳಲ್ಲಿ ಬೀಜ ಉಳಿದಿಲ್ಲ. ಒಂದು ಮೀನು ಬೀಜವಾಗುವುದಿಲ್ಲ. ನಿಮ್ಮ ಹೌದಿನದು, ನೀವು ಈಗ ನೋಡಿಕೊಳ್ಳುತ್ತಿರುವಂತೆಯೇ ನೋಡಿಕೊಂಡರೆ, ಇನ್ನೂ ಆರೇಳು ವರ್ಷ ಬದುಕುತ್ತದೆ. ಸಮಾಧಾನಕ್ಕೆಂದು ಇದನ್ನು ಬರೆಯುತ್ತಿಲ್ಲ.

ಆ ಮೂವತ್ತೇಳು ನನ್ನ ಕಿಸೆಪುಸ್ತಕದಲ್ಲಿದೆ. ಪೆನ್ಸಿಲಿನ ಗೀಟುಗಳು, ಐದೈದರ ಕಟ್ಟು, ಕೊನೆಗೆ ಎರಡು. ಆ ಹಾಳೆಯನ್ನು ಇದರೊಳಗೆ ಇಟ್ಟಿದ್ದೇನೆ. ಅದಕ್ಕೆ ಸಹಿಯಿಲ್ಲ, ಮೊಹರಿಲ್ಲ. ಯಾವ ಸಾಹೇಬರೂ ಅದನ್ನು ಒಪ್ಪುವುದಿಲ್ಲ.

ಈ ಪತ್ರವನ್ನು ಇಂದು ಅಂಚೆಗೆ ಹಾಕಿದರೆ ಶನಿವಾರ ನಿಮ್ಮ ಕೈಯಲ್ಲಿರುತ್ತದೆ. ಆಗ ನೀವು ಏನು ಮಾಡುತ್ತೀರೆಂದು ನನಗೆ ಗೊತ್ತು. ಲಕೋಟೆಯನ್ನು ಒಡೆಯದೆ ಟ್ರಂಕಿನ ತಳಕ್ಕೆ ಹಾಕುತ್ತೀರಿ. ಅಕ್ಕಾರ ಹೆಸರ ಕೆಡಬಾರದು ಎನ್ನುತ್ತೀರಿ. ಪೋಸ್ಟು ಬರಲೇ ಇಲ್ಲವೆಂದು ಊರ ಮುಂದೆ ನಿಂತು, ಬದುಕಿನಲ್ಲಿ ಮೊದಲ ಸಲ, ನನಗಾಗಿ ಸುಳ್ಳು ಹೇಳುತ್ತೀರಿ. ಕೆರೆ ಗುತ್ತಿಗೆಗೆ ಹೋಗುತ್ತದೆ. ಲಕೋಟೆ ಒಡೆದರೂ ಹೋಗುತ್ತದೆ. ಒಡೆದರೆ ನನ್ನ ಸೊನ್ನೆ ನಾಲ್ಕು ಜನರ ಮುಂದೆ ಬರುತ್ತದೆ. ಹಾಗಾಗಲೆಂದೇ ಪತ್ರ ತಡೆದಿದ್ದೇನೆ.

ಇದನ್ನು ಕಾರಣವೆಂದು ಬರೆದೆ. ಮತ್ತೆ ಓದಿದೆ. ಚೆನ್ನಾಗಿದೆ. ಇಷ್ಟು ಚೆನ್ನಾಗಿರುವ ಕಾರಣವನ್ನು ನನಗೇ ನಂಬಲು ಆಗುತ್ತಿಲ್ಲ. ಯಾಕೆಂದರೆ ಸೋಮವಾರ ಬೆಳಿಗ್ಗೆ ಏಳೂವರೆಗೆ ಇಲ್ಲಿಂದ ಬಸ್ಸಿದೆ. ಹತ್ತೂವರೆಗೆ ದಂಡೆಯ ಮೇಲಿರಬಹುದು. ಸೌಂದರ್ಯಾಳ ಕೈಯಿಂದ ಕಾಗದ ತೆಗೆದುಕೊಂಡು, ನಿಮ್ಮ ಎದುರಿಗೆ ನಿಂತು, ನಾನೇ ಓದಬಹುದು. ರಜೆಗೆ ಎರಡು ಸಲ ಅರ್ಜಿ ಬರೆದೆ. ಎರಡೂ ನನ್ನ ಚೀಲದಲ್ಲೇ ಇವೆ.

ನೀವು ಅಭ್ಯಾಸ ಮಾಡಿಕೊಂಡದ್ದು ಬೇರೆ ಸಂಖ್ಯೆ. ಸೊನ್ನೆ ತುಟಿಯ ಮೇಲೆ ಹೇಗೆ ಕಾಣುತ್ತದೆಂದು ಕನ್ನಡಿಯ ಮುಂದೆ ಹೇಳಿ ನೋಡಿದೆ. ಬಾಯಿ ಒಮ್ಮೆ ದುಂಡಗೆ ತೆರೆಯುತ್ತದೆ, ಗಾಳಿಗೆಂದು ಮೇಲೆ ಬಂದ ಮೀನಿನ ಬಾಯಿಯಂತೆ. ಆಮೇಲೆ ಮುಚ್ಚಿಕೊಳ್ಳುತ್ತದೆ. ನಿಮಗೆ ತಕ್ಷಣ ತಿಳಿಯುತ್ತದೆ.

ನಿಮ್ಮ,
ಶೈಲಾ

ಅಂಚೆಗೆ ಹಾಕುವುದು: ಮಂಗಳವಾರ, ೨೪ ಫೆಬ್ರುವರಿ ೨೦೨೬.